ಭೇದಿ ಆದ ಮಗುವಿಗೆ ನೀರು ಕೊಡಬಾರದಾ?

"ನೀರು ಕುಡಿಸ್ಬೇಡ ಕಣೆ, ಕುಡಿಸಿದಷ್ಟೂ ಹೋಗತ್ತೆ." ನಾನು ಚಿಕ್ಕವಳಿದ್ದಾಗ ತಮ್ಮನಿಗೆ ಭೇದಿ ಹಿಡಿದ ದಿನ ಅಜ್ಜಿ ಅಮ್ಮನಿಗೆ ಹೇಳಿದ ಮಾತು ಇದು. ತಮ್ಮ ಚೊಂಬಿನ ಕಡೆ ಕೈ ಚಾಚುತ್ತಲೇ ಇದ್ದ. ಅಜ್ಜಿ ಅದನ್ನು ಎತ್ತಿ ಗೂಡಿನಲ್ಲಿಟ್ಟಳು. ಯಾರೂ ಎದುರು ಮಾತಾಡಲಿಲ್ಲ. ಅಷ್ಟು ತಿಳಿವಳಿಕೆ ಎಲ್ಲರಿಗೂ ಇತ್ತಲ್ವಾ!

ಅಜ್ಜಿಯನ್ನು ದಡ್ಡಿ ಅನ್ನಲು ನನಗೆ ಮನಸ್ಸಿಲ್ಲ. ಕಣ್ಣಿಗೆ ಕಂಡದ್ದನ್ನೇ ಅವಳು ಹೇಳಿದ್ದು. ಕರುಳಿಗೆ ವಿಶ್ರಾಂತಿ ಬೇಕು ಅಂತ ಡಾಕ್ಟರುಗಳೇ ಬಹಳ ಕಾಲ ಉಪವಾಸ ಹಾಕಿಸುತ್ತಿದ್ದರು. ಆದರೆ ಭೇದಿಯಲ್ಲಿ ಮಗುವಿನ ಜೀವ ಹೋಗುವುದು ಬಹುಪಾಲು ಮೈಯಲ್ಲಿನ ನೀರು, ಉಪ್ಪು ಸೋರಿಹೋಗಿ. ಕಣ್ಣು ಗುಳಿ ಬೀಳುತ್ತದೆ, ಅತ್ತರೂ ಕಣ್ಣೀರಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ.

ಬರೀ ನೀರು ಕೊಟ್ಟರೆ ಸಾಲದು. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ ಅಂದುಕೊಳ್ಳಿ. ಉಪ್ಪಿನಲ್ಲಿರುವ ಸೋಡಿಯಂ, ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಅದು ತೆರೆಯುತ್ತದೆ, ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. 1960ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಇದನ್ನು ವಿವರಿಸಿದರು. ಕಾಲರಾದಲ್ಲೂ ಈ ಬಾಗಿಲು ಕೆಡುವುದಿಲ್ಲ, ಅದೇ ನಮ್ಮ ಪುಣ್ಯ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಡ್ರಿಪ್ ಬಾಟಲಿ ಸಾಕಾಗುತ್ತಿರಲಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಅಡುಗೆ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿದರು. ರೋಗಿಗಳ ಮನೆಯವರೇ ಅದನ್ನು ಲೋಟದಲ್ಲಿ ಹಿಡಿದು ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು! ಒಂದು ಲೋಟ, ಒಬ್ಬ ತಾಯಿ, ಅಷ್ಟರಿಂದಲೇ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಅಂದಹಾಗೆ, ನಮ್ಮಜ್ಜಿ ಮೂರನೇ ದಿನ ತಮ್ಮನಿಗೆ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಸಿದಳು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ, ಅಂದರೆ ಆ ಬಾಗಿಲಿನ ಬೀಗದ ಕೈ ಅವಳ ಹತ್ತಿರವೇ ಇತ್ತು. ಕೊಟ್ಟದ್ದು ಮಾತ್ರ ಎರಡು ದಿನ ತಡವಾಗಿ.

ಈಗ ನೀರಿಗೆ ಬೆರೆಸಿ ಕುಡಿಸುವ ಇಂಥದ್ದೇ ಉಪ್ಪು-ಗ್ಲೂಕೋಸ್ ಪುಡಿ, ಅಂದರೆ ಓಆರ್‌ಎಸ್ ಪೊಟ್ಟಣ, ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿಯಾಗುತ್ತದೆ. ಅದಕ್ಕೇ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯುವುದನ್ನು ಸರ್ಕಾರ 2025ರಲ್ಲಿ ನಿಲ್ಲಿಸಿತು, ಒಳ್ಳೆಯದೇ ಆಯಿತು. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಓಡಿ.

ಇದರಲ್ಲಿ ಕಷ್ಟ ಒಂದೇ. ಓಆರ್‌ಎಸ್ ಕುಡಿಸಿದ ಕೂಡಲೇ ಭೇದಿ ನಿಲ್ಲುವುದಿಲ್ಲ, ಹೋದ ನೀರು ವಾಪಸ್ ಬರುತ್ತದೆ ಅಷ್ಟೇ. ಅಜ್ಜಿಯ ಕಣ್ಣಿಗೆ ಕಂಡದ್ದೇ ಇವತ್ತಿನ ತಾಯಿಯ ಕಣ್ಣಿಗೂ ಕಾಣುತ್ತದೆ. ಹೋದ ವರ್ಷ ತಮ್ಮನ ಮಗುವಿಗೆ ಭೇದಿಯಾದಾಗ ಅಮ್ಮ ರಾತ್ರಿಯೆಲ್ಲ ಕೂತು ಚಮಚ ಚಮಚವಾಗಿ ಕುಡಿಸಿದಳು. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಎರಡು ಗಂಟೆ ಹೊತ್ತಿಗೆ ಮೆಲ್ಲಗೆ ಕೇಳಿದಳು: "ಇನ್ನೂ ಹೋಗ್ತಾನೇ ಇದೆಯಲ್ಲೇ, ನಿಲ್ಲಿಸಿಬಿಡ್ಲಾ?" ಕೇಳುತ್ತಲೇ ಇನ್ನೊಂದು ಚಮಚ ತುಂಬಿದಳು.