ಏಪ್ರಿಲ್ ಲೋಟ, ಡಿಸೆಂಬರ್ ಲೋಟ

ರಮ್ ಅದೇ, ನಿಂಬೆ ಅದೇ, ಸಕ್ಕರೆ ಪಾಕ ಅದೇ, ಅಳತೆಯೂ ಅದೇ. ಆದರೂ ಏಪ್ರಿಲ್ ತಿಂಗಳ ಸೆಕೆಯಲ್ಲಿ ಮನೆಯಲ್ಲಿ ಬೆರೆಸಿದ ಕಾಕ್‌ಟೇಲ್ ಡಿಸೆಂಬರ್ ಚಳಿಯಲ್ಲಿ ಬೆರೆಸಿದ್ದಕ್ಕಿಂತ ತೆಳುವಾಗಿರುತ್ತದೆ. ಇದು ನಾಲಿಗೆಯ ಭ್ರಮೆ ಇರಬಹುದೆಂದು ಬಹಳ ಕಾಲ ಅಂದುಕೊಂಡಿದ್ದೆ. ಅಡುಗೆಮನೆಯ ತಕ್ಕಡಿಯನ್ನೂ ಒಂದು ಥರ್ಮಾಮೀಟರನ್ನೂ ಹಿಡಿದು ಅಳೆದು ನೋಡಿದ ಮೇಲೆ ತಿಳಿಯಿತು: ಋತು ನಿಜವಾಗಿಯೂ ಲೋಟದೊಳಗೆ ಇಳಿದಿರುತ್ತದೆ, ಮತ್ತು ಅದು ಇಳಿಯುವ ದಾರಿ ಐಸ್. ಋತುವಿಗೆ ತಕ್ಕ ಹಣ್ಣನ್ನು ಆರಿಸುವುದು ಆಮೇಲಿನ ಮಾತು.

ಅಳೆಯುವುದಕ್ಕೆ ನಾನು ಆರಿಸಿಕೊಂಡದ್ದು ಡೈಕಿರಿ ಎಂಬ ಅತ್ಯಂತ ಸರಳವಾದ ಮಿಶ್ರಣವನ್ನು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕ್ಯೂಬಾದ ಸ್ಯಾಂಟಿಯಾಗೊ ಸೀಮೆಯಲ್ಲಿ ರೂಢಿಗೆ ಬಂದ ಈ ಪಾನೀಯಕ್ಕೆ ಬೇಕಾದುದು ರಮ್, ನಿಂಬೆರಸ, ಸಕ್ಕರೆ, ಐಸ್ ಇಷ್ಟೇ. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ, ಬಟ್ಟಿ ಇಳಿಸಿ ರಮ್ ಮಾಡುತ್ತಾರಾದ್ದರಿಂದ ಕಬ್ಬು ಬೆಳೆಯುವ ನಮ್ಮ ನಾಡಿಗೂ ಅದು ಹೊರಗಿನದಲ್ಲ; ನಿಂಬೆಯಂತೂ ವಿಜಯಪುರ ಜಿಲ್ಲೆಯ ಇಂಡಿಯಿಂದ ಹಿಡಿದು ಮನೆಯ ಹಿತ್ತಲಿನವರೆಗೆ ಎಲ್ಲೆಲ್ಲೂ ಇದೆ. ಒಂದು ದೊಡ್ಡ ಪೆಗ್, ಅಂದರೆ 60 ಮಿಲಿಲೀಟರ್ ರಮ್, 20 ಮಿಲಿಲೀಟರ್ ನಿಂಬೆರಸ, ಸಮತೂಕದ ಸಕ್ಕರೆ ಮತ್ತು ನೀರಿನಿಂದ ಮಾಡಿದ ಪಾಕ 20 ಮಿಲಿಲೀಟರ್. ಒಟ್ಟು ತೂಕ ಸುಮಾರು 100 ಗ್ರಾಂ. ಇದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು, ಆಗತಾನೆ ಫ್ರೀಜರಿನಿಂದ ತೆಗೆದ ಒಂದು ಹಿಡಿ ಐಸ್ ಹಾಕಿ, ಹದಿನೈದು ಸೆಕೆಂಡು ಜೋರಾಗಿ ಕುಲುಕಿ, ಚಹಾ ಸೋಸುವ ಜರಡಿಯಲ್ಲಿ ಸೋಸಿದೆ. ಅಡುಗೆಮನೆಯ ಉಷ್ಣತೆ 29 ಡಿಗ್ರಿ ಇದ್ದ ಏಪ್ರಿಲ್ ಸಂಜೆ, ಸೋಸಿದ ಪಾನೀಯ ಮೊದಲಿಗಿಂತ 38 ಗ್ರಾಂ ಹೆಚ್ಚು ತೂಗಿತು. 20 ಡಿಗ್ರಿಯ ಡಿಸೆಂಬರ್ ಸಂಜೆ ಹೆಚ್ಚಿದ್ದು 27 ಗ್ರಾಂ ಮಾತ್ರ.

ಈ ವ್ಯತ್ಯಾಸವನ್ನು ಹೈಸ್ಕೂಲಿನ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಬೇಕಾದರೆ ಸುಮಾರು 80 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳಬೇಕು. ಇದನ್ನೇ ಗುಪ್ತೋಷ್ಣ ಎನ್ನುತ್ತೇವೆ. (ಇಲ್ಲಿನ ಕ್ಯಾಲೊರಿ ಭೌತಶಾಸ್ತ್ರದ್ದು, ಆಹಾರದ ಪೊಟ್ಟಣಗಳ ಮೇಲಿನ ಕ್ಯಾಲೊರಿಯ ಸಾವಿರದಲ್ಲೊಂದು ಪಾಲು.) ನಮ್ಮ 100 ಗ್ರಾಂ ಮಿಶ್ರಣ ಒಂದು ಡಿಗ್ರಿ ತಣಿಯಲು ಹೆಚ್ಚುಕಡಿಮೆ 100 ಕ್ಯಾಲೊರಿ ಬಿಟ್ಟುಕೊಡಬೇಕು. ಹಾಗಾಗಿ 29 ಡಿಗ್ರಿಯಿಂದ ಸೊನ್ನೆಗಿಳಿಯಲು ಅದು ಬಿಟ್ಟುಕೊಡುವ 2,900 ಕ್ಯಾಲೊರಿ 36 ಗ್ರಾಂ ಐಸನ್ನು ಕರಗಿಸುತ್ತದೆ. 20 ಡಿಗ್ರಿಯಿಂದ ಹೊರಟರೆ ಕರಗುವುದು 25 ಗ್ರಾಂ. ಅಂದರೆ ತಂಪು ಮತ್ತು ನೀರು ಬೇರೆ ಬೇರೆ ಸಂಗತಿಗಳಲ್ಲ. ಐಸ್ ಕರಗದೆ ಪಾನೀಯ ತಣ್ಣಗಾಗುವುದಿಲ್ಲ, ತಣ್ಣಗಾದಷ್ಟೂ ನೀರು ಸೇರಿರುತ್ತದೆ. ಐಸ್ ಹೆಚ್ಚು ಹಾಕಿದರೆ ಪಾನೀಯ ನೀರಾಗುತ್ತದೆಂದು ಹೆದರಿ ಎರಡೇ ತುಂಡು ಹಾಕುವವರು ಬಹಳ ಮಂದಿ ಇದ್ದಾರೆ. ಆಗುವುದು ಅದರ ವಿರುದ್ಧ: ಆ ಎರಡು ತುಂಡುಗಳು ಪೂರ್ತಿ ಕರಗಿಹೋಗಿ, ಪಾನೀಯಕ್ಕೆ ನೀರೂ ಸೇರುತ್ತದೆ, ಸಾಕಷ್ಟು ತಂಪೂ ಬರುವುದಿಲ್ಲ. ಹೊರಗಿಟ್ಟು ಬೆವರಿದ ಐಸ್ ಬಳಸಿದರೆ ಅದರ ಮೈಗೆ ಅಂಟಿದ ನೀರೂ ಸೇರಿಕೊಂಡು ಕೆಡುಕು ಇನ್ನಷ್ಟು ಹೆಚ್ಚುತ್ತದೆ.

ಥರ್ಮಾಮೀಟರನ್ನು ಡಬ್ಬಿಯೊಳಗೆ ಇಳಿಬಿಟ್ಟಾಗ ಕಂಡದ್ದು ಇದಕ್ಕಿಂತ ಸೊಗಸಾದ ಸಂಗತಿ. ಮುಳ್ಳು ಸೊನ್ನೆಗೆ ನಿಲ್ಲದೆ ಕೆಳಗಿಳಿಯುತ್ತ ಹೋಗಿ ಮೈನಸ್ 4 ಡಿಗ್ರಿಯ ಹತ್ತಿರ ನಿಂತಿತು. ಸೊನ್ನೆ ಡಿಗ್ರಿಯಲ್ಲಿ ಕರಗುವ ಐಸ್ ತನಗಿಂತ ತಣ್ಣಗೆ ಇನ್ನೊಂದನ್ನು ಹೇಗೆ ಮಾಡೀತು? ಕುಲ್ಫಿ ಮಾರುವವರು ಮಡಕೆಯೊಳಗಿನ ಐಸಿಗೆ ಉಪ್ಪು ಬೆರೆಸುವುದರಲ್ಲಿ ಇದಕ್ಕೆ ಉತ್ತರವಿದೆ. ಐಸಿನ ಮೇಲ್ಮೈಯಿಂದ ನೀರಿನ ಅಣುಗಳು ಸದಾ ಕಳಚಿಕೊಳ್ಳುತ್ತಿರುತ್ತವೆ, ಸುತ್ತಲಿನ ನೀರಿನಿಂದ ಅಣುಗಳು ಬಂದು ಅಂಟಿಕೊಳ್ಳುತ್ತಲೂ ಇರುತ್ತವೆ. ಸುತ್ತಲಿನ ದ್ರವದಲ್ಲಿ ಉಪ್ಪೋ ಸಕ್ಕರೆಯೋ ಮದ್ಯಸಾರವೋ ಸೇರಿದ್ದರೆ ಮರಳಿ ಬರುವ ನೀರಿನ ಅಣುಗಳ ಸಂಖ್ಯೆ ಇಳಿಯುತ್ತದೆ, ಕಳಚಿಕೊಳ್ಳುವುದು ಮಾತ್ರ ಮುಂದುವರಿಯುತ್ತದೆ. ಹೀಗೆ ಸೊನ್ನೆಗಿಂತ ಕೆಳಗೂ ಐಸ್ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಆ ದ್ರವದಿಂದಲೇ ಕಿತ್ತುಕೊಳ್ಳುತ್ತದೆ. ಶುದ್ಧ ಮದ್ಯಸಾರ ಹೆಪ್ಪುಗಟ್ಟುವುದು ಮೈನಸ್ 114 ಡಿಗ್ರಿಯಲ್ಲಿ. ಹಾಗಾಗಿ ಅದು ಬೆರೆತ ದ್ರವ ಸೊನ್ನೆಯ ಕೆಳಗೂ ದ್ರವವಾಗಿಯೇ ಉಳಿಯುತ್ತದೆ.

ಸೆಕೆಗಾಲದಲ್ಲಿ ನೆಂಟರು ಬರುವ ದಿನ ಬಾಟಲಿಯನ್ನೇ ಫ್ರೀಜರಿನಲ್ಲಿಟ್ಟರೆ ಅನುಕೂಲವಲ್ಲವೇ ಎಂದು ಒಮ್ಮೆ ಹಾಗೆಯೇ ಮಾಡಿದೆ. ಮೈನಸ್ 18 ಡಿಗ್ರಿಯ ರಮ್ಮಿಗೆ ಕೋಣೆಯ ಉಷ್ಣತೆಯ ನಿಂಬೆರಸ, ಪಾಕಗಳನ್ನು ಸೇರಿಸಿದೊಡನೆ ಮಿಶ್ರಣ ಐಸಿನ ನೆರವಿಲ್ಲದೆ ಸೊನ್ನೆಯ ಹತ್ತಿರಕ್ಕೆ ಬಂದುಬಿಟ್ಟಿತು. ಆಮೇಲೆ ಹಾಕಿದ ಐಸ್ ಕರಗಲೇ ಇಲ್ಲ, ಪಾನೀಯ ಗಂಟಲು ಸುಡುವಷ್ಟು ಖಡಕ್ಕಾಗಿತ್ತು. ತಪ್ಪಿದ್ದೆಲ್ಲಿ ಎಂಬುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ: ಐಸಿನಿಂದ ಬರಬೇಕಾಗಿದ್ದ 35 ಗ್ರಾಂ ನೀರು ಬರಲಿಲ್ಲ. ಬಾಟಲಿಯನ್ನು ಫ್ರೀಜರಿನಲ್ಲಿಡುವವರು ಪ್ರತಿ ಪೆಗ್ಗಿಗೆ 30 ಮಿಲಿಲೀಟರಿನಷ್ಟು ತಣ್ಣೀರನ್ನು ತಾವಾಗಿಯೇ ಅಳೆದು ಸೇರಿಸಬೇಕು.

ಆ ‘ಸುಡುವ’ ಅನುಭವಕ್ಕೂ ಉಷ್ಣತೆಗೂ ನಿಜವಾದ ನಂಟಿದೆ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ, ಟಿಆರ್‌ಪಿವಿ1 ಎಂಬ ಹೆಸರಿನ ಪ್ರೋಟೀನು ನಮ್ಮ ನರಗಳ ತುದಿಯಲ್ಲಿದೆ. ಅದನ್ನು 1997ರಲ್ಲಿ ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ 2021ರ ನೊಬೆಲ್ ದೊರೆಯಿತು. ಈ ಪ್ರೋಟೀನು ಸಾಮಾನ್ಯವಾಗಿ 42 ಡಿಗ್ರಿಯ ಆಸುಪಾಸಿನ ಬಿಸಿಗೆ ಎಚ್ಚೆತ್ತುಕೊಂಡು ‘ಸುಡುತ್ತಿದೆ’ ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಮದ್ಯಸಾರ ತಾಗಿದಾಗ ಆ ಮಿತಿ ಸುಮಾರು 34 ಡಿಗ್ರಿಗೆ ಇಳಿಯುತ್ತದೆ. ನಮ್ಮ ಮೈಯ ಉಷ್ಣತೆ 37 ಡಿಗ್ರಿ. ಹೀಗಾಗಿ ಗಂಟಲಿನ ಸ್ವಂತ ಬಿಸಿಯೇ ಗಂಟಲಿಗೆ ಉರಿಯಾಗಿ ಕಾಣುತ್ತದೆ. ಪಾನೀಯವನ್ನು ತಣಿಸಿ, ತೆಳುಮಾಡಿದಾಗ ಉರಿ ಏಕೆ ಅಡಗುತ್ತದೆಂಬುದು ಇದರಿಂದ ತಿಳಿಯುತ್ತದೆ.

ತಂಪಿನಲ್ಲಿ ಸಿಹಿಯೂ ಅಡಗುತ್ತದೆ. ಸಿಹಿಯ ಸಂದೇಶ ಸಾಗಿಸುವ ಟಿಆರ್‌ಪಿಎಂ5 ಎಂಬ ಇನ್ನೊಂದು ಪ್ರೋಟೀನು 15ರಿಂದ 35 ಡಿಗ್ರಿಯವರೆಗೆ ಬಿಸಿ ಏರಿದಂತೆ ಚುರುಕಾಗುತ್ತದೆ, ತಣಿದಂತೆ ಮಂಕಾಗುತ್ತದೆ. ಕರಗಿದ ಐಸ್‌ಕ್ರೀಂ ಬಾಯಿ ಕಟ್ಟುವಷ್ಟು ಸಿಹಿ ಅನ್ನಿಸುವುದು ಇದರಿಂದಲೇ. ಆದ್ದರಿಂದ ಕುಲುಕುವ ಮುಂಚೆ ರುಚಿ ನೋಡಿದಾಗ ಮಿಶ್ರಣ ಒಂದಿಷ್ಟು ಹೆಚ್ಚೇ ಸಿಹಿ ಇರಬೇಕು. ಬಿಸಿಯಾಗಿ ಕುಡಿಯುವ ಮಳೆಗಾಲದ ಪಾನೀಯಕ್ಕೆ ಮಾತ್ರ ಅದೇ ಪಾಕವನ್ನು ಅರ್ಧಕ್ಕಿಳಿಸಬೇಕು.

ಈಗ ಹಣ್ಣಿನ ಮಾತು. ಬೇಸಿಗೆಗೆ ನಾನು ಕಣ್ಣು ಮುಚ್ಚಿ ಆರಿಸುವುದು ಮುರುಗಲನ್ನು, ಕರಾವಳಿಯವರ ಮಾತಿನಲ್ಲಿ ಪುನರ್ಪುಳಿಯನ್ನು. ಪಶ್ಚಿಮ ಘಟ್ಟದ ಈ ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಮಾಗುತ್ತದೆ. ಹಣ್ಣಿನ ಸಿಪ್ಪೆಯನ್ನೂ ಸಕ್ಕರೆಯನ್ನೂ ಪದರ ಪದರವಾಗಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ, ಸಕ್ಕರೆ ಸಿಪ್ಪೆಯೊಳಗಿನ ನೀರನ್ನು ಹೊರಗೆಳೆದುಕೊಂಡು ಕೆಲವು ದಿನಗಳಲ್ಲಿ ಕಡುಗೆಂಪು ಪಾಕವಾಗುತ್ತದೆ. ಒಲೆ ಹಚ್ಚಬೇಕಾಗಿಲ್ಲ. ಈ ಪಾಕ 30 ಮಿಲಿಲೀಟರ್, ಜಿನ್ ಅಥವಾ ಗೋವಾದ ಗೇರುಹಣ್ಣಿನ ಫೆನಿ 45, ನಿಂಬೆರಸ 10, ಒಂದು ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಮೇಲಿಂದ 90 ಮಿಲಿಲೀಟರ್ ಸೋಡಾ. ಉಪ್ಪು ಇಲ್ಲಿ ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದೆ ತರುತ್ತದೆ. ಸೋಡಾ ಬಾಟಲಿ ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿದಿರಲೇಬೇಕು, ಏಕೆಂದರೆ ಸೊನ್ನೆ ಡಿಗ್ರಿಯ ನೀರು 25 ಡಿಗ್ರಿಯ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳಬಲ್ಲದು.

ಮುರುಗಲಿನ ಕೆಂಪು ಆಂಥೋಸಯನಿನ್ ಗುಂಪಿನ ವರ್ಣದ್ರವ್ಯಗಳದು, ಆ ಬಣ್ಣ ಆಮ್ಲಕ್ಕೆ ತಕ್ಕಂತೆ ಬದಲಾಗುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಶಂಖಪುಷ್ಪ ಇನ್ನೂ ಒಳ್ಳೆಯದು. ದೇವರ ಪೂಜೆಗೆ ಬಳ್ಳಿಯಿಂದ ಬಿಡಿಸುವ ಅದೇ ನೀಲಿ ಹೂವಿನ ಐದಾರು ಎಸಳುಗಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ನೀರು ಗಾಢ ನೀಲಿಯಾಗುತ್ತದೆ. ತಣಿಸಿದ ಆ ನೀರಿನ ಮೇಲೆ ಜಿನ್ನನ್ನೂ ಪಾಕವನ್ನೂ ಬೆರೆಸಿಟ್ಟು, ಕೊನೆಯಲ್ಲಿ ಲೋಟದ ಅಂಚಿನಿಂದ ನಿಂಬೆರಸವನ್ನು ಮೆಲ್ಲಗೆ ಇಳಿಬಿಡಬೇಕು. ರಸ ಇಳಿದ ದಾರಿಯುದ್ದಕ್ಕೂ ನೀಲಿಯ ನಡುವೆ ನೇರಳೆ ಬಣ್ಣದ ಎಳೆಗಳು ಮೂಡಿ, ಐಸಿನ ತುಂಡುಗಳನ್ನು ಬಳಸಿಕೊಂಡು ಕೆಳಗಿಳಿದು, ಚಮಚ ಆಡಿಸಿದೊಡನೆ ಇಡೀ ಲೋಟ ತಿಳಿ ನೇರಳೆಗೆ ತಿರುಗುತ್ತದೆ. ಎಷ್ಟು ಬಾರಿ ಮಾಡಿದರೂ ನನಗೆ ಇದನ್ನು ನೋಡಿ ತೃಪ್ತಿಯಾಗಿಲ್ಲ.

ಮಳೆಗಾಲದಲ್ಲಿ ಐಸಿಗೆ ಇನ್ನೊಬ್ಬ ಶತ್ರು ಹುಟ್ಟಿಕೊಳ್ಳುತ್ತಾನೆ. ಮಂಗಳೂರು, ಕಾರವಾರಗಳ ತೇವದ ಗಾಳಿಯಲ್ಲಿ ತಣ್ಣನೆಯ ಲೋಟ ಹೊರಮೈಯಲ್ಲಿ ಬೆವರುತ್ತದೆ. ಗಾಳಿಯ ಆವಿ ಹನಿಯಾಗಿ ಕೂರುವಾಗ ಪ್ರತಿ ಗ್ರಾಂ ನೀರಿಗೆ ಸುಮಾರು 580 ಕ್ಯಾಲೊರಿ ಶಾಖ ಹೊರಬೀಳುತ್ತದೆ, ಅದರ ಬಹುಪಾಲು ಲೋಟದೊಳಕ್ಕೇ ಹೋಗುತ್ತದೆ. ಒಂದು ಗ್ರಾಂ ಬೆವರು ಏಳು ಗ್ರಾಂ ಐಸನ್ನು ಕರಗಿಸಲು ಸಾಕು. ಹೊರಗೆ ಸೆಕೆ ಕಡಿಮೆಯಿದ್ದರೂ ಮಳೆಗಾಲದ ಪಾನೀಯ ಬೇಗ ಸಪ್ಪೆಯಾಗುವುದಕ್ಕೆ ಇದೇ ಕಾರಣ. ಎರಡು ಪದರದ ಲೋಟ ಆಗ ಕೆಲಸಕ್ಕೆ ಬರುತ್ತದೆ; ಅದಕ್ಕಿಂತ ಒಳ್ಳೆಯ ಉಪಾಯ ಬಿಸಿ ಪಾನೀಯ. ಇಂಗ್ಲಿಷರು ಹಾಟ್ ಟಾಡಿ ಎನ್ನುವ ಪಾನೀಯದ ಹೆಸರು ನಮ್ಮ ಹೆಂಡದಿಂದಲೇ, ತಾಳೆಮರದ ರಸಕ್ಕೆ ಹಿಂದಿಯಲ್ಲಿರುವ ‘ತಾಡಿ’ ಎಂಬ ಮಾತಿನಿಂದಲೇ ಹೋದದ್ದು. ಜಜ್ಜಿದ ಶುಂಠಿ, ಎರಡು ಲವಂಗ, ಒಂದು ಚಮಚ ಬೆಲ್ಲವನ್ನು 120 ಮಿಲಿಲೀಟರ್ ನೀರಿನಲ್ಲಿ ಕುದಿಸಿ, ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು 45 ಮಿಲಿಲೀಟರ್ ರಮ್ಮನ್ನೂ ಅರ್ಧ ಹೋಳು ನಿಂಬೆಯ ರಸವನ್ನೂ ಸೇರಿಸಬೇಕು. ರಮ್ ಹಾಕಿದ ಮೇಲೆ ಕುದಿಸಕೂಡದು: ಮದ್ಯಸಾರದ ಕುದಿಬಿಂದು 78 ಡಿಗ್ರಿ, ಕುದಿಸಿದರೆ ಅದರ ಆವಿ ಮೂಗಿಗೆ ಚುಚ್ಚುತ್ತದೆ, ಪರಿಮಳವೂ ಹಾರಿಹೋಗುತ್ತದೆ.

ಕುಡಿದೊಡನೆ ಎದೆಯಲ್ಲಿ ಹರಡುವ ಬೆಚ್ಚಗಿನ ಅನುಭವವನ್ನು ಮಾತ್ರ ನಂಬಬಾರದು. ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಸಿ ರಕ್ತ ಮೈಯ ಮೇಲ್ಪದರಕ್ಕೆ ಬರುತ್ತದೆ, ಚಳಿ ಹೋಯಿತೆನಿಸುತ್ತದೆ. ನಿಜದಲ್ಲಿ ದೇಹ ಆಗ ಹೊರಗಿನ ಗಾಳಿಗೆ ಹೆಚ್ಚು ಶಾಖವನ್ನು ಕಳೆದುಕೊಳ್ಳುತ್ತಿರುತ್ತದೆ. ಬೇಸಿಗೆಯಲ್ಲಿ ಇದರ ಇನ್ನೊಂದು ಮುಖ: ಮೂತ್ರವನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಮದ್ಯಸಾರ ತಡೆಯುವುದರಿಂದ, ಬೆವರಿನ ಜೊತೆಗೆ ಮೂತ್ರದಲ್ಲೂ ನೀರು ಹೋಗುತ್ತದೆ. ಮತ್ತೆ, ಉರಿಯನ್ನೂ ಖಡಕ್ಕನ್ನೂ ಅಡಗಿಸುವ ಐಸ್ ಮದ್ಯಸಾರವನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ನಮ್ಮಲ್ಲಿ ಮಾರುವ ಹೆಚ್ಚಿನ ರಮ್, ಜಿನ್‌ಗಳಲ್ಲಿ ಶೇಕಡ 42.8ರಷ್ಟು ಮದ್ಯಸಾರವಿರುತ್ತದೆ. 60 ಮಿಲಿಲೀಟರಿನಲ್ಲಿ ಅದು 20 ಗ್ರಾಂ. ಪಿತ್ತಜನಕಾಂಗ ಗಂಟೆಗೆ ಕರಗಿಸಬಲ್ಲುದು ಸುಮಾರು 7ರಿಂದ 10 ಗ್ರಾಂ ಮಾತ್ರ. ಒಂದು ಲೋಟವೇ ಎರಡರಿಂದ ಮೂರು ಗಂಟೆಯ ಕೆಲಸ. ನಯವಾಗಿ ಇಳಿದಿತೆಂದು ಅರ್ಧ ಗಂಟೆಯಲ್ಲಿ ಎರಡನೆಯದನ್ನು ಬೆರೆಸುವವರಿಗೆ ನಾಲಿಗೆ ಎಚ್ಚರ ಹೇಳುವುದಿಲ್ಲ, ಆ ಎಚ್ಚರವನ್ನು ಐಸ್ ಈಗಾಗಲೇ ಅಡಗಿಸಿಬಿಟ್ಟಿರುತ್ತದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ನಮ್ಮ ಮನೆಯಲ್ಲಿ ಅಳತೆಯ ಲೋಟವಿಲ್ಲದೆ ಬಾಟಲಿ ತೆರೆಯುವುದಿಲ್ಲ.

ಚಳಿಗಾಲಕ್ಕೆ ಕೊಡಗಿನ ಕಿತ್ತಳೆ. ಅದರ ರಸದಲ್ಲಿ ಆಮ್ಲ ಶೇಕಡ ಒಂದರ ಸುತ್ತಮುತ್ತ, ನಿಂಬೆಯಲ್ಲಿ ಶೇಕಡ ಆರರಷ್ಟು. ಕಿತ್ತಳೆಯೊಂದನ್ನೇ ನಂಬಿದರೆ ಪಾನೀಯ ಬರಿಯ ಸಿಹಿಯಾಗುತ್ತದೆ, ಆದ್ದರಿಂದ 45 ಮಿಲಿಲೀಟರ್ ಕಿತ್ತಳೆರಸಕ್ಕೆ 15ರಷ್ಟು ನಿಂಬೆಯೂ ಬೇಕು. ಮದ್ಯ, ಸಕ್ಕರೆ, ಹುಳಿ, ನೀರು, ಮಸಾಲೆ ಐದೂ ಸೇರಿದ ಪಾನೀಯವನ್ನು ಈಸ್ಟ್ ಇಂಡಿಯಾ ಕಂಪನಿಯ ಕಾಲದ ಇಂಗ್ಲಿಷರು ‘ಪಂಚ್’ ಎಂದರು; ಅದು ನಮ್ಮ ‘ಪಂಚ’ವೇ ಎಂಬುದು ಹೆಚ್ಚಿನವರ ಅಭಿಪ್ರಾಯ.

ಅಮ್ಮ ಕುಡಿಯುವವರಲ್ಲ. ಮುರುಗಲಿನ ಪಾಕ, ನಿಂಬೆ, ಉಪ್ಪು, ಜೀರಿಗೆ, ತಣ್ಣೀರು ಹಾಕಿ ಅವರ ಪಾಲಿನದನ್ನೂ ಅದೇ ಡಬ್ಬಿಯಲ್ಲಿ, ಅಷ್ಟೇ ಐಸಿನೊಂದಿಗೆ, ಅಷ್ಟೇ ಹೊತ್ತು ಕುಲುಕುತ್ತೇನೆ. ಅದರೊಳಗೆ ಥರ್ಮಾಮೀಟರಿನ ಮುಳ್ಳು ಸೊನ್ನೆಯ ಆಸುಪಾಸಿಗೆ ಬಂದು ನಿಂತುಬಿಡುತ್ತದೆ, ಮೈನಸ್ 4ಕ್ಕೆ ಎಂದೂ ಇಳಿದಿಲ್ಲ.