ತೋಳು ನೋಡಬೇಡಿ, ಬೆರಳು ನೋಡಿ

ಜಪಾನಿನ ಟಿವಿಯಲ್ಲಿ 1997ರಲ್ಲಿ ‘ಸಾಸುಕೆ’ ಅನ್ನೋ ಸ್ಪರ್ಧೆ ಶುರುವಾಯಿತು. ಬೇರೆ ದೇಶಗಳಲ್ಲಿ ಅದಕ್ಕೆ ‘ನಿಂಜಾ ವಾರಿಯರ್’ ಅಂತ ಹೆಸರು. ನೇತಾಡುವ ಕಂಬಿ, ಬಾಗಿದ ಗೋಡೆ, ಬೆರಳ ತುದಿ ಮಾತ್ರ ಹಿಡಿಸುವ ಅಂಚು, ಕೊನೆಗೊಂದು ಹಗ್ಗ. ಕೈ ಜಾರಿದರೆ ಕೆಳಗೆ ನೀರು. ಅಲ್ಲಿಗೆ ಆಟ ಮುಗಿಯಿತು. ಪ್ರತಿ ಸಲ ನೂರು ಜನ ಕಣಕ್ಕಿಳಿಯುತ್ತಾರೆ. 2020ರ ತನಕ ನಾಲ್ಕೂ ಹಂತ ದಾಟಿದವರು ನಾಲ್ಕೇ ಜನ. ಅವರಲ್ಲಿ 2006ರಲ್ಲಿ ಗೆದ್ದ ಮಕೊಟೊ ನಗಾನೊ ಮೀನುಗಾರ. ಮುಂದೆ ಎರಡು ಸಲ ಗೆದ್ದ ಯೂಜಿ ಉರುಶಿಹರ ಶೂ ಮಾರುವ ಕೆಲಸದವರು. ಒಲಿಂಪಿಕ್ ಜಿಮ್ನಾಸ್ಟ್‌ಗಳು ಬಂದು ಗೆಲ್ಲದೆ ವಾಪಸಾದದ್ದೂ ಇದೆ.

ಯಾರು ದಾಟುತ್ತಾರೆ ಅಂತ ಮೊದಲೇ ಹೇಳೋದು ಹೇಗೆ? ವೀಕ್ಷಕ ವಿವರಣೆಕಾರರು ತೋಳಿನ ಗಾತ್ರ ನೋಡಿ ಹೇಳುತ್ತಾರೆ. ಇಲ್ಲವೇ ‘ಇವತ್ತು ಅವನ ಕಣ್ಣಲ್ಲಿ ಆತ್ಮವಿಶ್ವಾಸ ಕಾಣ್ತಿದೆ’ ಅನ್ನುತ್ತಾರೆ. ಅದೃಷ್ಟದ ಬಣ್ಣ, ಅದೃಷ್ಟದ ನಂಬರು ಅನ್ನುವವರಿಗೂ ಕಡಿಮೆಯಿಲ್ಲ. ಇದೆಲ್ಲ ಸುಮ್ನೆ ಮಾತು. ನನ್ನನ್ನು ಕೇಳಿದರೆ ನಾನು ನೋಡುವುದು ಮುಂಗೈಯನ್ನು, ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವಿನ ಭಾಗವನ್ನು.

ಮೊದಲು ಗಾತ್ರದ ಭ್ರಮೆ ಬಿಡಿಸೋಣ. ಸ್ನಾಯುವಿನ ಬಲ ಅದರ ಅಡ್ಡ ಸೀಳಿನ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ. ತೂಕ ಮಾತ್ರ ಘನ ಅಳತೆಗೆ ತಕ್ಕಂತೆ ಏರುತ್ತದೆ. ಎಲ್ಲ ದಿಕ್ಕಿನಲ್ಲೂ ಶೇ. 10ರಷ್ಟು ದೊಡ್ಡವನಾದ ಮನುಷ್ಯನ ಬಲ ಶೇ. 21 ಹೆಚ್ಚಿದರೆ, ತೂಕ ಶೇ. 33 ಹೆಚ್ಚುತ್ತದೆ. ಗೆಲಿಲಿಯೋ 1638ರಲ್ಲೇ ಪ್ರಾಣಿಗಳ ಮೂಳೆಗಳ ಬಗ್ಗೆ ಬರೆಯುತ್ತಾ ಈ ಲೆಕ್ಕ ಹೇಳಿಬಿಟ್ಟಿದ್ದ. ಆಗ ಆತ ಗೃಹಬಂಧನದಲ್ಲಿದ್ದ, ಕಣ್ಣೂ ಹೋಗಿತ್ತು. ಪುಸ್ತಕ ಇಟಲಿಯಲ್ಲಿ ಅಚ್ಚಾಗಲಿಲ್ಲ, ಹಾಲೆಂಡಿನಲ್ಲಿ ಅಚ್ಚಾಯಿತು. ಸುಮಾರು ನಾಲ್ಕು ಶತಮಾನ ಕಳೆದರೂ ನಾವಿನ್ನೂ ‘ದೊಡ್ಡ ದೇಹ, ದೊಡ್ಡ ಶಕ್ತಿ’ ಅಂತ ಕೂತಿದ್ದೇವೆ. ಭಾರ ಎತ್ತುವುದಾದರೆ ಸರಿ. ಇಲ್ಲಿ ಎತ್ತಬೇಕಾದ ಭಾರ ಸ್ವಂತ ಮೈಯದ್ದೇ, ಅಲ್ವಾ?

ಈಗ ಮುಂಗೈಗೆ ಬರೋಣ. ಬೆರಳುಗಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಗಟ್ಟಿ ಹುರಿಗಳು ಹೊರಟು ಬೆರಳುಗಳನ್ನು ಎಳೆಯುತ್ತವೆ. ಕಂಬಿಗೆ ಜೋತುಬಿದ್ದಾಗ ಈ ಸ್ನಾಯುಗಳು ಬಿಗಿದು ಕೂರುತ್ತವೆ. ಬಿಗಿದಾಗ ತಮ್ಮೊಳಗಿನ ರಕ್ತನಾಳಗಳನ್ನು ತಾವೇ ಅಮುಕುತ್ತವೆ. ನೀರಿನ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಹಿಡಿತ ಜೋರಾದಷ್ಟೂ ರಕ್ತ ಕಡಿಮೆ ಬರುತ್ತದೆ, ಆಮ್ಲಜನಕವೂ ಕಡಿಮೆ. ತ್ಯಾಜ್ಯ ಹೊರಗೆ ಹೋಗುವುದಿಲ್ಲ. ಮುಂಗೈ ಕಲ್ಲಾಗುತ್ತದೆ. ಆಮೇಲೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ‘ಮನಸ್ಸು ಗಟ್ಟಿ ಇದ್ದರೆ ಏನು ಬೇಕಾದರೂ ಆಗುತ್ತೆ’ ಅನ್ನುವವರು ಗಮನಿಸಬೇಕು. ಮನಸ್ಸು ಎಷ್ಟೇ ಗಟ್ಟಿಯಿದ್ದರೂ ಅಮುಕಿಹೋದ ರಕ್ತನಾಳ ತೆರೆಯುವುದಿಲ್ಲ.

ಎಷ್ಟು ಹೊತ್ತು ತಡೆಯಬಹುದು? ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲಿ ಇದಕ್ಕೊಂದು ಗೆರೆ ಎಳೆದುಕೊಟ್ಟರು. ಅವರು ನೋಡುತ್ತಿದ್ದದ್ದು ದುಡಿಮೆಯ ದಣಿವನ್ನು, ಆಟವನ್ನಲ್ಲ. ನಿಮ್ಮ ಗರಿಷ್ಠ ಬಲದ ಅರ್ಧದಷ್ಟನ್ನು ಅಲುಗದೆ ಹಿಡಿದರೆ ಸುಮಾರು ಒಂದು ನಿಮಿಷ ತಡೆಯುತ್ತೀರಿ. ಮುಕ್ಕಾಲರಷ್ಟಾದರೆ ಅರ್ಧ ನಿಮಿಷಕ್ಕೇ ಸುಸ್ತು.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬ 90 ಕಿಲೋ ಇದ್ದಾನೆ, ಎರಡೂ ಕೈ ಸೇರಿ 120 ಕಿಲೋ ಹಿಡಿಯಬಲ್ಲ. ಇನ್ನೊಬ್ಬಳು 60 ಕಿಲೋ, ಹಿಡಿತ 110 ಕಿಲೋ. ಕೈ ಕುಲುಕಿದರೆ ಅವನೇ ಬಲಶಾಲಿ ಅನ್ನಿಸುತ್ತದೆ. ಆದರೆ ಜೋತುಬಿದ್ದರೆ ಅವನು ತನ್ನ ಬಲದ ಶೇ. 75ರಲ್ಲಿದ್ದಾನೆ, ಅವಳು ಶೇ. 55ರಲ್ಲಿ. ಅವನಿಗೆ ಅರ್ಧ ನಿಮಿಷ, ಅವಳಿಗೆ ಹತ್ತಿರ ಹತ್ತಿರ ಒಂದು ನಿಮಿಷ.

ಇದು ಸುಮ್ಮನೆ ನೇತಾಡಿದಾಗಿನ ಮಾತು. ತೂಗಾಡಿದರೆ ಕಥೆಯೇ ಬೇರೆ. 45 ಡಿಗ್ರಿಯಿಂದ ತೂಗಿ ಬಂದವರು ಕೆಳಗಿನ ಬಿಂದು ದಾಟುವಾಗ ಕೈಗೆ ಬೀಳುವ ಭಾರ ಮೈತೂಕದ 1.59 ಪಟ್ಟು. ಅವನಿಗೆ 143 ಕಿಲೋ, ಹಿಡಿತ ಮೀರಿತು, ಕೈ ಬಿಟ್ಟಿತು. ಅವಳಿಗೆ 95 ಕಿಲೋ, ಇನ್ನೂ 15 ಕಿಲೋ ಉಳಿತಾಯ. ಜನ ತೂಗುವಿಕೆಯ ತುದಿಯಲ್ಲಿ ಬೀಳ್ತಾರೆ ಅಂದುಕೊಳ್ಳುತ್ತೇವೆ. ನಿಧಾನವಾಗಿ ನೋಡಿ, ಹಿಡಿತ ಸಡಿಲಾಗುವುದು ಬಹಳ ಸಲ ತಳದಲ್ಲೇ.

ಇಲ್ಲಿ ಇನ್ನೊಂದು ಜಾಣತನ ಇದೆ. ಫ್ರಾನ್ಸಿನ ಮೊನೊ ಮತ್ತು ಶೆರರ್ 1965ರಲ್ಲಿ ತೋರಿಸಿದ ಪ್ರಕಾರ, ಸ್ನಾಯುವಿಗೆ ದೀರ್ಘಕಾಲ ನಡೆಸಿಕೊಂಡು ಹೋಗಬಲ್ಲ ಒಂದು ಮಟ್ಟ ಇರುತ್ತದೆ. ಅದಕ್ಕಿಂತ ಮೇಲೆ ಹೋದರೆ ಖರ್ಚಾಗುವ ಸಣ್ಣ ದಾಸ್ತಾನೂ ಇರುತ್ತದೆ. ಹಿಡಿತ ಸಡಿಲಿಸಿದರೆ ಆ ದಾಸ್ತಾನು ಮತ್ತೆ ತುಂಬಿಕೊಳ್ಳಲು ಶುರುಮಾಡುತ್ತದೆ. ಬಂಡೆ ಹತ್ತುವವರು ಒಂದು ಕೈಯಲ್ಲಿ ನೇತಾಡಿಕೊಂಡೇ ಇನ್ನೊಂದು ಕೈ ಕೊಡವುವುದನ್ನು ನೋಡಿರುತ್ತೀರಿ. ಅದು ಶೋಕಿ ಅಲ್ಲ, ಆ ಕೈಗೆ ಮತ್ತೆ ರಕ್ತ ಹರಿಯಲು ಬಿಡುತ್ತಿದ್ದಾರೆ. 2015ರಲ್ಲಿ ಅಮೆರಿಕದ ‘ನಿಂಜಾ ವಾರಿಯರ್’ ಸ್ಪರ್ಧೆಯ ಕೊನೆಯ ಹಂತವನ್ನು ಮೊದಲ ಬಾರಿಗೆ ಇಬ್ಬರು ದಾಟಿದರು. 75 ಅಡಿ ಹಗ್ಗ, 30 ಸೆಕೆಂಡು. ಜೆಫ್ ಬ್ರಿಟನ್ 29.65 ಸೆಕೆಂಡಿನಲ್ಲಿ ಹತ್ತಿದರು. ಆಮೇಲೆ ಬಂದ ಐಸಾಕ್ ಕಾಲ್ಡಿಯೆರೊ 26.14ರಲ್ಲಿ ಹತ್ತಿ ಹತ್ತು ಲಕ್ಷ ಡಾಲರ್ ಒಯ್ದರು. ಕಾಲ್ಡಿಯೆರೊ ಬಂಡೆ ಹತ್ತುವವರು.

ಬಾಗಿದ ಗೋಡೆಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಓಟದ ವೇಗ ಎತ್ತರವಾಗಿ ಬದಲಾಗಬೇಕು, ಸಮೀಕರಣದಲ್ಲಿ ತೂಕವೇ ಹೊಡೆದುಹೋಗುತ್ತದೆ. ಉದ್ದ ಇದ್ದವರಿಗೆ ಅನುಕೂಲ. ಆದರೂ 2014ರಲ್ಲಿ ಅಮೆರಿಕದ ಸ್ಪರ್ಧೆಯಲ್ಲಿ ಐದಡಿ ಎತ್ತರದ ಕೇಸಿ ಕಟನ್ಸಾರೊ ಅದನ್ನು ಹತ್ತಿಯೇಬಿಟ್ಟರು.

ಇನ್ನು ಗುಣಾಕಾರ. ಒಬ್ಬ ಪ್ರತಿ ಅಡೆತಡೆಯನ್ನೂ ಹತ್ತರಲ್ಲಿ ಒಂಬತ್ತು ಸಲ ದಾಟಬಲ್ಲ ಅಂದುಕೊಳ್ಳಿ. ಭಾರಿ ಒಳ್ಳೆಯ ಆಟಗಾರ. ಸಾಲಾಗಿ ಎಂಟು ಇದ್ದರೆ ಎಲ್ಲವನ್ನೂ ದಾಟುವ ಸಾಧ್ಯತೆ ಶೇ. 43 ಮಾತ್ರ! ಅವನು ಬಿದ್ದರೆ ‘ಯಾರ ಕಣ್ಣು ಬಿತ್ತೋ’ ಅನ್ನುತ್ತಾರೆ. ಯಾರ ಕಣ್ಣೂ ಬಿದ್ದಿಲ್ಲ, ಬೀಳುವುದೇ ಹೆಚ್ಚು ಸಂಭವ ಇತ್ತು. ಒಂದು ಸಲ ಅದ್ಭುತವಾಗಿ ಆಡಿದವನು ಮುಂದಿನ ಸಲ ಸಪ್ಪೆಯಾದರೂ ಇದೇ ಗೋಳು. ಅಸಾಧಾರಣ ದಿನದ ನಂತರ ಸಾಧಾರಣ ದಿನ ಬರುವುದು ಸಹಜ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಪ್ಪ ಅಮ್ಮಂದಿರ ಎತ್ತರಕ್ಕೆ ಮಕ್ಕಳ ಎತ್ತರ ಹೋಲಿಸಿ ಈ ಸರಾಸರಿಗೆ ಮರಳುವ ಗುಣವನ್ನು ತೋರಿಸಿದ್ದ.

ಆದರೆ ಬರೀ ಗುಣಾಕಾರವೂ ಪೂರ್ತಿ ಸತ್ಯವಲ್ಲ. ಅದು ಪ್ರತಿ ಅಡೆತಡೆಗೂ ಹೊಸ ಕೈ ಸಿಗುತ್ತದೆ ಅಂತ ನಂಬಿದೆ. ಹಿಡಿತದ ಸವಾಲುಗಳು ಮೂರು ಬೆನ್ನುಬೆನ್ನಿಗೆ ಬಂದರೆ ಮೂರನೆಯದಕ್ಕೆ ಶೇ. 90 ಎಲ್ಲಿ ಉಳಿಯುತ್ತದೆ? ಅದೇ ಮೂರರ ನಡುವೆ ಕಾಲಿನ ಕೆಲಸ ಇಟ್ಟರೆ ಮುಂಗೈ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಆಟಗಾರನಿಗಿಂತ ಮೊದಲು ಅಡೆತಡೆಗಳ ಸಾಲನ್ನು ಓದಬೇಕು. ಎಲ್ಲಿ ನೆಲ ಸಿಗುತ್ತದೆ, ಅಲ್ಲಿಯ ತನಕ ಎಷ್ಟು ಸೆಕೆಂಡು ನೇತಾಡಬೇಕು, ಅವನ ಹಿಡಿತ ಅವನ ತೂಕದ ಎಷ್ಟು ಪಟ್ಟು. ಹಿಂದೆ ಇಂಥದ್ದೇ ಸಾಲಿನಲ್ಲಿ ಎಷ್ಟನೆಯದಕ್ಕೆ ಬಿದ್ದಿದ್ದ ಅನ್ನುವುದೂ ಗೊತ್ತಿದ್ದರೆ ಇನ್ನೂ ಒಳ್ಳೆಯದು.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಐದು ಆಟಗಳು ಸೇರಿದ ಆಧುನಿಕ ಪೆಂಟಾಥ್ಲಾನ್‌ನಿಂದ ಕುದುರೆ ಸವಾರಿ ಹೋಗಿ ಅಡೆತಡೆ ಓಟ ಬರುತ್ತಿದೆ. ಅದು ಚಿಕ್ಕ ಓಟ, ಮುಂಗೈ ಬಸವಳಿಯುವಷ್ಟು ಹೊತ್ತು ಅಲ್ಲಿ ಸಿಗುವುದೇ ಕಷ್ಟ. ಆದ್ದರಿಂದ ಅಲ್ಲಿ ಬಂಡೆ ಹತ್ತುವವರಿಗಿಂತ ವೇಗದ ಓಟಗಾರರ ಕೈ ಮೇಲಾಗಬಹುದು ಅನ್ನುವುದು ನನ್ನ ಅಂದಾಜು. ತೂಗಾಟದ ತಳದ ಭಾರ ಮಾತ್ರ ಅವರನ್ನೂ ಬಿಡುವುದಿಲ್ಲ.