ಕಣ್ಣು ಕಲಿಯುವ ಚೆಲುವು

ಚೆಲುವಿನ ಗಣಿತವೆಂದು ಕೆಲವರು ನಂಬುವ 1.618 ಎಂಬ ಸುವರ್ಣ ಅನುಪಾತದ ಮುಖವಾಡವನ್ನು ಭಾವಚಿತ್ರದ ಮೇಲಿಟ್ಟು, ‘ಗಲ್ಲ ಇಷ್ಟು ಮುಂದೆ ಬರಬೇಕಿತ್ತು’ ಎನ್ನುವ ಪ್ಲಾಸ್ಟಿಕ್ ಸರ್ಜನ್‌ಗಳಿದ್ದಾರೆ. ನಾನೂ ಸರ್ಜನ್, ಆದರೆ ಆ ಗುಂಪಿನವನಲ್ಲ. ಆ ಅಳತೆಗೆ ಒಗ್ಗದ ಎಷ್ಟೋ ಮುಖಗಳು ನೋಡಿದವರ ಮನಸ್ಸಿನಲ್ಲಿ ಉಳಿಯುತ್ತವೆ. ಅಳತೆಗೋಲು ಗಣಿತದಲ್ಲಿಲ್ಲ, ನಾವು ಈವರೆಗೆ ನೋಡಿದ ಮುಖಗಳಲ್ಲಿದೆ.

1878ರಲ್ಲಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅಪರಾಧಿಗಳ ಭಾವಚಿತ್ರಗಳನ್ನು ಒಂದರ ಮೇಲೊಂದು ಮೂಡಿಸಿ, ಅಪರಾಧಿಯ ಮಾದರಿ ಮುಖವನ್ನು ಹುಡುಕಿದ. ಬೆರೆತು ಬಂದ ಮುಖ ಬಿಡಿ ಮುಖಗಳಿಗಿಂತ ಲಕ್ಷಣವಾಗಿತ್ತು! 1990ರಲ್ಲಿ ಮನೋವಿಜ್ಞಾನಿಗಳಾದ ಜುಡಿತ್ ಲ್ಯಾಂಗ್ಲೋಯಿಸ್ ಮತ್ತು ಲೋರಿ ರಾಗ್‌ಮನ್ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರು. 32 ಮುಖಗಳ ಸರಾಸರಿಯನ್ನು ನೋಡುಗರು ಹೆಚ್ಚು ಮೆಚ್ಚಿದರು. ಸರಾಸರಿಯೇ ಚೆಲುವಿನ ತುತ್ತತುದಿಯಲ್ಲ ಎಂದು ಮುಂದಿನ ಸಂಶೋಧನೆಗಳು ತಿದ್ದಿದವು, ಆದರೆ ಸರಾಸರಿಗೆ ಹತ್ತಿರದ ಮುಖ ಹಿಡಿಸುತ್ತದೆ ಎಂಬ ಮೂಲ ಮಾತು ನಿಂತಿದೆ.

ಆ ಸರಾಸರಿ ಸ್ಥಿರವಲ್ಲ. ಹಿಗ್ಗಿಸಿದ ಅಥವಾ ಕುಗ್ಗಿಸಿದ ಮುಖಗಳನ್ನು ಕೆಲವೇ ನಿಮಿಷ ತೋರಿಸಿದರೂ ನೋಡುಗರ ಮೆಚ್ಚುಗೆ ಅದೇ ದಿಕ್ಕಿಗೆ ವಾಲುತ್ತದೆ ಎಂದು 2003ರಲ್ಲಿ ಮನೋವಿಜ್ಞಾನಿ ಗಿಲಿಯನ್ ರೋಡ್ಸ್ ಮತ್ತು ಸಂಗಡಿಗರು ತೋರಿಸಿದರು. ಎಳೆಯ ಕೂಸುಗಳೂ ಹಿರಿಯರು ಚೆಂದವೆನ್ನುವ ಮುಖಗಳನ್ನೇ ಹೆಚ್ಚು ಹೊತ್ತು ದಿಟ್ಟಿಸುತ್ತವೆ, ಆದ್ದರಿಂದ ಹುಟ್ಟಿನ ಪಾಲಿಲ್ಲವೆನ್ನಲಾಗದು. ಆದರೆ 2015ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನದ ಪ್ರಕಾರ, ಯಾರಿಗೆ ಯಾವ ಮುಖ ಹಿಡಿಸುತ್ತದೆ ಎಂಬ ವ್ಯತ್ಯಾಸ ಬಹುಪಾಲು ವಂಶವಾಹಿಯಿಂದಲ್ಲ, ಅವರವರ ಅನುಭವದಿಂದ ಬಂದದ್ದು. ಅಧಿಕಾರವೂ ಕಣ್ಣನ್ನು ತಿದ್ದುತ್ತದೆ. ಜಪಾನಿನಲ್ಲಿ ಶತಮಾನಗಳ ಕಾಲ ಕಪ್ಪಾಗಿಸಿದ ಹಲ್ಲು ಚೆಲುವಿನ ಗುರುತಾಗಿತ್ತು. 1870ರಲ್ಲಿ ಅಲ್ಲಿನ ಅಂದಿನ ಮೇಜಿ ಸರ್ಕಾರ ಶ್ರೀಮಂತ ಕುಲದವರಿಗೆ ಅದನ್ನು ನಿಷೇಧಿಸಿತು, 1873ರಲ್ಲಿ ಸಾಮ್ರಾಜ್ಞಿಯೇ ಬಿಳಿ ಹಲ್ಲಿನಲ್ಲಿ ಕಾಣಿಸಿಕೊಂಡಳು. ಆಮೇಲೆ ರೂಢಿ ಕ್ರಮೇಣ ಸವೆಯಿತು.

ಇನ್ನು ನಮ್ಮದೇ ಮುಖದ ಫಜೀತಿ. ನಮಗೆ ಕನ್ನಡಿಯ ಪ್ರತಿಬಿಂಬ ರೂಢಿ, ಸ್ನೇಹಿತರಿಗೆ ನಿಜಮುಖ ರೂಢಿ. 1977ರ ಒಂದು ಪ್ರಯೋಗದಲ್ಲಿ ಎರಡೂ ಚಿತ್ರಗಳನ್ನು ಇಟ್ಟಾಗ ಹೆಚ್ಚಿನವರು ತಮಗೆ ರೂಢಿಯಾದದ್ದನ್ನೇ ಆರಿಸಿದರು. ಸೆಲ್ಫಿ ಇನ್ನೂ ಕೆಡುಕು: 12 ಅಂಗುಲ ದೂರದ ಚಿತ್ರದಲ್ಲಿ ಮೂಗಿನ ಅಗಲ, 5 ಅಡಿ ದೂರದ ಚಿತ್ರಕ್ಕಿಂತ ಸುಮಾರು 30 ಶೇಕಡಾ ಹೆಚ್ಚಾಗಿ ಕಾಣುತ್ತದೆ ಎಂದು 2018ರಲ್ಲಿ ಲೆಕ್ಕ ಹಾಕಲಾಯಿತು. ‘ದಪ್ಪ ಮೂಗು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ತೋಳಿನ ಉದ್ದ.

ಫಿಲ್ಟರ್ ಹಾಕಿದ ತಮ್ಮದೇ ಮುಖವನ್ನು ಮಾದರಿಯಾಗಿ ತರುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಕಣ್ಣುಗುಡ್ಡೆಯನ್ನು ಯಾವ ಶಸ್ತ್ರಚಿಕಿತ್ಸೆಯೂ ಹಿರಿದು ಮಾಡದು, ರಂಧ್ರಗಳಿಲ್ಲದ ಚರ್ಮ ಯಾರಿಗೂ ಇಲ್ಲ. ಆಮೇಲೆ 5 ಅಡಿ ದೂರದಿಂದ ತೆಗೆದ ಚಿತ್ರವನ್ನು ಕೈಗೆ ಕೊಟ್ಟು, ಕೆಲವು ವಾರ ಬಿಟ್ಟು ಬರಲು ಹೇಳುತ್ತೇನೆ. ಬಂದು ಅದೇ ಮೂಗಿನ ಅದೇ ಗೂನನ್ನು ತೋರಿಸುವವರಿದ್ದಾರೆ. ಅವರೊಡನೆ ಎಲುಬು, ಮೃದ್ವಸ್ಥಿ, ಉಸಿರಾಟದ ಮಾತು ಶುರುವಾಗುತ್ತದೆ.